ಡ್ರ್ಯಾಗ್ ರೇಸ್ ಕಾರಿನ ಹಿಂಬದಿ ಸಸ್ಪೆನ್ಷನ್ ಮತ್ತು ಟೈರಿನ ಹಿಡಿತ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟದ ಉತ್ತರಗಳು ಮುಖ್ಯವಾಗಿ ಅಮೆರಿಕದ ಕಾಲು ಮೈಲಿ (402 ಮೀಟರ್) ನೇರ ಟ್ರ್ಯಾಕುಗಳಲ್ಲಿ ನಿಂತಲ್ಲಿಂದ ಹೊರಟು ಓಡುವ, ಹಿಂದಿನ ಚಕ್ರಗಳಿಗೆ ಶಕ್ತಿ ಹೋಗುವ, ಹಿಂದೆ ಒಂದೇ ಗಟ್ಟಿ ಆಕ್ಸಲ್ ಇರುವ ಕಾರುಗಳಿಗೆ ಸಂಬಂಧಿಸಿವೆ. ಈ ವಿಷಯದ ಲೆಕ್ಕಾಚಾರವೂ ಪರಿಭಾಷೆಯೂ ಬಹುಪಾಲು ಅಲ್ಲಿಯೇ ರೂಪುಗೊಂಡಿವೆ. ಬೇರೆ ಬಗೆಯ ಕಾರುಗಳ ಬಗ್ಗೆ ಕೊನೆಯ ಭಾಗದಲ್ಲಿ ಕೆಲವು ಪ್ರಶ್ನೆಗಳಿವೆ.

ಸಸ್ಪೆನ್ಷನ್ ಬದಲಿಸಿದರೆ ಹಿಂದಿನ ಟೈರುಗಳ ಮೇಲೆ ಹೆಚ್ಚು ಭಾರ ಬೀಳುತ್ತದೆಯೇ?

ಬೀಳುವುದಿಲ್ಲ. ಈ ಒಂದು ವಿಷಯ ಸ್ಪಷ್ಟವಾದರೆ ಮುಂದಿನ ಉತ್ತರಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ. ಕಾರು ಮುಂದಕ್ಕೆ ವೇಗ ಹೆಚ್ಚಿಸಿಕೊಳ್ಳುವಾಗ ಮುಂದಿನ ಚಕ್ರಗಳಿಂದ ಹಿಂದಿನ ಚಕ್ರಗಳಿಗೆ ವರ್ಗವಾಗುವ ಭಾರವನ್ನು ನಿರ್ಧರಿಸುವ ಅಂಶಗಳು ನಾಲ್ಕೇ: ಕಾರಿನ ತೂಕ, ವೇಗೋತ್ಕರ್ಷ, ಗುರುತ್ವ ಕೇಂದ್ರದ ಎತ್ತರ ಮತ್ತು ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಆಕ್ಸಲುಗಳ ನಡುವಿನ ದೂರ). ಮೊದಲ ಮೂರನ್ನು ಗುಣಿಸಿ ವೀಲ್‌ಬೇಸ್‌ನಿಂದ ಭಾಗಿಸಿದರೆ ಉತ್ತರ ಸಿಗುತ್ತದೆ.

ಉದಾಹರಣೆಗೆ, 1400 ಕಿಲೋ ತೂಕದ, 2750 ಮಿ.ಮೀ. ವೀಲ್‌ಬೇಸ್ ಇರುವ, ಗುರುತ್ವ ಕೇಂದ್ರ ನೆಲದಿಂದ 550 ಮಿ.ಮೀ. ಎತ್ತರದಲ್ಲಿರುವ ಕಾರೊಂದನ್ನು ತೆಗೆದುಕೊಳ್ಳೋಣ. ಇದು 1.2 ಜಿ (ಗುರುತ್ವ ವೇಗೋತ್ಕರ್ಷದ 1.2 ಪಟ್ಟು) ವೇಗೋತ್ಕರ್ಷದಲ್ಲಿ ಹೊರಟರೆ 336 ಕಿಲೋ ಭಾರ ಹಿಂದಕ್ಕೆ ಹೋಗುತ್ತದೆ. ನಿಂತಿರುವಾಗ ಹಿಂದಿನ ಚಕ್ರಗಳ ಮೇಲೆ ಶೇಕಡಾ 46ರಷ್ಟು, ಅಂದರೆ 644 ಕಿಲೋ, ಇದ್ದದ್ದು ಈಗ 980 ಕಿಲೋ ಆಗುತ್ತದೆ. ಲಿಂಕುಗಳು ಯಾವ ಕೋನದಲ್ಲಿದ್ದರೂ, ಸ್ಪ್ರಿಂಗು ಮೆದುವಾಗಿದ್ದರೂ ಬಿಗಿಯಾಗಿದ್ದರೂ, ಆ ವೇಗೋತ್ಕರ್ಷ ಸ್ಥಿರವಾಗಿರುವಷ್ಟು ಹೊತ್ತು ಈ ಸಂಖ್ಯೆ ಬದಲಾಗದು. ಕಾರಿನ ಹಿಂಭಾಗ ನೆಲಕ್ಕೆ ಕುಸಿಯುವುದನ್ನು ಕಂಡು ಭಾರ ಚೆನ್ನಾಗಿ ಹಿಂದಕ್ಕೆ ಹೋಗುತ್ತಿದೆ ಎಂದು ಭಾವಿಸುವವರು ಬಹಳ ಮಂದಿ ಇದ್ದಾರೆ. ಅಲ್ಲಿ ಕಾಣುವುದು ಸ್ಪ್ರಿಂಗು ಎಷ್ಟು ಒತ್ತಲ್ಪಟ್ಟಿತು ಎಂಬುದು ಮಾತ್ರ.

ಗುರುತ್ವ ಕೇಂದ್ರವನ್ನೇ ಎತ್ತರಿಸಿದರೆ ಭಾರದ ವರ್ಗಾವಣೆ ನಿಜವಾಗಿಯೂ ಹೆಚ್ಚುತ್ತದೆ. ಕ್ರೈಸ್ಲರ್‌ನ ಎಂಜಿನಿಯರುಗಳು ಸೇರಿ ಕಟ್ಟಿಕೊಂಡ ರ‍್ಯಾಮ್‌ಚಾರ್ಜರ್ಸ್ ತಂಡವು 1950ರ ದಶಕದ ಕೊನೆಯಲ್ಲಿ 1949ರ ಪ್ಲಿಮತ್ ಕಾರೊಂದನ್ನು ವಿಪರೀತ ಎತ್ತರಕ್ಕೆ ಏರಿಸಿ 'ಹೈ ಆ್ಯಂಡ್ ಮೈಟಿ' ಎಂಬ ಹೆಸರಿನಲ್ಲಿ ಓಡಿಸಿದ್ದು ಇದೇ ಲೆಕ್ಕದ ಮೇಲೆ. ಆ ಕಾಲದ ಟೈರುಗಳಿಗೆ ಹಿಡಿತ ಕಡಿಮೆಯಿದ್ದುದರಿಂದ ಸಿಕ್ಕಷ್ಟು ಭಾರವೂ ಬೇಕಾಗಿತ್ತು. 1965ರಲ್ಲಿ ಅದೇ ಕ್ರೈಸ್ಲರ್ ಸಂಸ್ಥೆ ಕೆಲವು ಡಾಡ್ಜ್ ಮತ್ತು ಪ್ಲಿಮತ್ ರೇಸ್ ಕಾರುಗಳ ಹಿಂದಿನ ಆಕ್ಸಲನ್ನು 15 ಇಂಚು, ಮುಂದಿನ ಚಕ್ರಗಳನ್ನು 10 ಇಂಚು ಮುಂದಕ್ಕೆ ಸರಿಸಿ ನಿಂತಲ್ಲಿನ ಭಾರವನ್ನೇ ಹಿಂದಕ್ಕೆ ತಂದಿತು. ಟೈರುಗಳು ಸುಧಾರಿಸಿದ ಮೇಲೆ ಎತ್ತರದ ಕಾರುಗಳು ಮುಂಗಾಲೆತ್ತಿ ನಿಲ್ಲತೊಡಗಿದವು. ಆಗ ಕಾರುಗಳು ಮತ್ತೆ ತಗ್ಗಿದವು.

ಹಾಗಾದರೆ ಜ್ಯಾಮಿತಿಯಿಂದ ಆಗುವ ಕೆಲಸವಾದರೂ ಏನು?

ವರ್ಗವಾಗುವ ಭಾರ ಯಾವ ದಾರಿಯಲ್ಲಿ, ಎಷ್ಟು ಬೇಗ ಟೈರನ್ನು ತಲುಪಬೇಕು ಎಂಬುದನ್ನು ಜ್ಯಾಮಿತಿ ನಿರ್ಧರಿಸುತ್ತದೆ. ದಾರಿಗಳು ಎರಡು. ಒಂದು, ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರುಗಳ ಮೂಲಕ ಹೋಗುವ ನಿಧಾನದ ದಾರಿ. ಕಾರಿನ ಹಿಂಭಾಗ ಕೆಳಗಿಳಿದ ಮೇಲಷ್ಟೇ ಸ್ಪ್ರಿಂಗು ಆ ಭಾರವನ್ನು ಟೈರಿಗೆ ಕೊಡಬಲ್ಲದು. ಇನ್ನೊಂದು, ಆಕ್ಸಲನ್ನು ಚಾಸಿಗೆ ಜೋಡಿಸುವ ಲಿಂಕುಗಳ ಮೂಲಕ ಹೋಗುವ ದಾರಿ. ಲಿಂಕುಗಳು ಗಟ್ಟಿ ಲೋಹವಾದ್ದರಿಂದ ಟೈರು ನೆಲವನ್ನು ತಳ್ಳಿದ ಕ್ಷಣದಲ್ಲೇ ಅಲ್ಲಿ ಬಲ ಹರಿಯುತ್ತದೆ.

ಎಂಜಿನ್ ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ ಆಕ್ಸಲ್ ಹೌಸಿಂಗು ವಿರುದ್ಧ ದಿಕ್ಕಿಗೆ ತಿರುಗಲು ಯತ್ನಿಸುತ್ತದೆ. ಪಿನಿಯನ್‌ನ (ಎಂಜಿನ್ನಿನ ಶಕ್ತಿಯನ್ನು ಆಕ್ಸಲಿಗೆ ಒಯ್ಯುವ ಚಿಕ್ಕ ಗೇರಿನ) ಮೂತಿ ಮೇಲೇಳುತ್ತದೆ. ಆದ್ದರಿಂದ ಕೆಳಗಿನ ಲಿಂಕುಗಳು ಚಾಸಿಯನ್ನು ಮುಂದಕ್ಕೆ ದೂಡುತ್ತವೆ, ಮೇಲಿನ ಲಿಂಕುಗಳು ಹಿಂದಕ್ಕೆ ಎಳೆಯುತ್ತವೆ. ಬದಿಯಿಂದ ನೋಡುತ್ತ ಈ ಎರಡೂ ಲಿಂಕುಗಳ ಗೆರೆಗಳನ್ನು ಮುಂದಕ್ಕೆ ಎಳೆದರೆ ಅವು ಸೇರುವ ಬಿಂದುವೇ ಇನ್‌ಸ್ಟಂಟ್ ಸೆಂಟರ್. ಅಲ್ಲಿ ಯಾವ ಬೋಲ್ಟೂ ಇರುವುದಿಲ್ಲ. ಆದರೂ ಟೈರಿನ ತಳ್ಳುವ ಬಲವೆಲ್ಲ ಚಾಸಿಯ ಮೇಲೆ ಆ ಬಿಂದುವಿನಲ್ಲೇ ಒತ್ತುತ್ತಿದೆ ಎಂಬಂತೆ ಕಾರು ವರ್ತಿಸುತ್ತದೆ.

ಆಂಟಿ-ಸ್ಕ್ವಾಟ್ ಶೇಕಡಾವಾರನ್ನು ಲೆಕ್ಕ ಹಾಕುವುದು ಹೇಗೆ?

ವರ್ಗವಾಗುವ ಭಾರದಲ್ಲಿ ಎಷ್ಟು ಪಾಲು ಲಿಂಕುಗಳ ಮೂಲಕ ಹೋಗಿ ಹಿಂಭಾಗ ಕುಸಿಯದಂತೆ ತಡೆಯುತ್ತದೆ ಎಂಬುದೇ ಆಂಟಿ-ಸ್ಕ್ವಾಟ್. ಕಾರಿನ ಬದಿಯ ನೋಟವನ್ನು ಅಳತೆಗೆ ಸರಿಯಾಗಿ ಕಾಗದದ ಮೇಲೆ ಬರೆದುಕೊಳ್ಳಿ. ಮುಂದಿನ ಆಕ್ಸಲಿನ ನೇರಕ್ಕೆ ಒಂದು ಲಂಬ ಗೆರೆ ಎಳೆದು, ಅದರ ಮೇಲೆ ಗುರುತ್ವ ಕೇಂದ್ರದ ಎತ್ತರವನ್ನು ಗುರುತಿಸಿ. ಹಿಂದಿನ ಟೈರು ನೆಲ ಮುಟ್ಟುವ ಜಾಗದಿಂದ ಆ ಗುರುತಿಗೆ ಗೆರೆ ಎಳೆದರೆ ಅದೇ ಶೇಕಡಾ 100ರ ಗೆರೆ. ಇನ್‌ಸ್ಟಂಟ್ ಸೆಂಟರ್ ಈ ಗೆರೆಯ ಮೇಲಿದ್ದರೆ ಆಂಟಿ-ಸ್ಕ್ವಾಟ್ ಸರಿಯಾಗಿ ಶೇಕಡಾ 100. ಕೆಳಗಿದ್ದರೆ ಹಿಂಭಾಗ ಕುಸಿಯುತ್ತದೆ, ಮೇಲಿದ್ದರೆ ಹಿಂಭಾಗ ಏಳುತ್ತದೆ.

ಮೇಲಿನ ಕಾರಿನಲ್ಲಿ ಈ ಗೆರೆಯ ಇಳಿಜಾರು 550 ಭಾಗಿಸು 2750, ಅಂದರೆ 0.2. ಇನ್‌ಸ್ಟಂಟ್ ಸೆಂಟರ್ ಹಿಂದಿನ ಆಕ್ಸಲಿನಿಂದ 1250 ಮಿ.ಮೀ. ಮುಂದಿದ್ದರೆ ಶೇಕಡಾ 100ಕ್ಕೆ ಅದು ನೆಲದಿಂದ 250 ಮಿ.ಮೀ. ಎತ್ತರದಲ್ಲಿರಬೇಕು. 150 ಮಿ.ಮೀ. ಎತ್ತರದಲ್ಲಿದ್ದರೆ ಶೇಕಡಾ 60, 325 ಮಿ.ಮೀ. ಎತ್ತರದಲ್ಲಿದ್ದರೆ ಶೇಕಡಾ 130. ಕಾರು ಏಳುತ್ತ ಕುಸಿಯುತ್ತ ಇರುವಾಗ ಲಿಂಕುಗಳ ಕೋನ ಬದಲಾಗಿ ಈ ಬಿಂದುವೂ ಸರಿಯುತ್ತದೆ. ಲಿಂಕುಗಳು ಗಿಡ್ಡವಾಗಿದ್ದಷ್ಟೂ ಅದು ಹೆಚ್ಚು ಸರಿಯುತ್ತದೆ. ಆದ್ದರಿಂದ ಚಾಲಕ ಕುಳಿತಿರುವಾಗ, ಇಂಧನ ತುಂಬಿರುವಾಗ, ಓಟದ ಟೈರುಗಳನ್ನೇ ಹಾಕಿ ಅಳೆಯಬೇಕು.

ಶೇಕಡಾ 100ಕ್ಕಿಂತ ಹೆಚ್ಚಿಟ್ಟರೆ ಹಿಡಿತವೂ ಹೆಚ್ಚುತ್ತದೆಯಲ್ಲವೇ?

ಒಂದು ಕ್ಷಣದ ಮಟ್ಟಿಗೆ ಹೌದು, ಆಮೇಲೆ ಇಲ್ಲ. ಮೊದಲು ಸ್ಥಿರ ಸ್ಥಿತಿಯ ಲೆಕ್ಕ ನೋಡಿ. ವರ್ಗವಾಗುವ 336 ಕಿಲೋದಲ್ಲಿ, ಶೇಕಡಾ 60 ಇದ್ದಾಗ ಸುಮಾರು 202 ಕಿಲೋ ಲಿಂಕುಗಳ ಮೂಲಕವೂ 134 ಕಿಲೋ ಸ್ಪ್ರಿಂಗುಗಳ ಮೂಲಕವೂ ಟೈರಿಗೆ ಹೋಗುತ್ತದೆ. ಶೇಕಡಾ 130 ಇದ್ದಾಗ ಲಿಂಕುಗಳ ಮೂಲಕ ಸುಮಾರು 437 ಕಿಲೋ ಹೋಗುತ್ತದೆ, ಆದರೆ ಕಾರಿನ ಹಿಂಭಾಗ ಎದ್ದು ನಿಂತು ಸ್ಪ್ರಿಂಗುಗಳು ಸಡಿಲಗೊಂಡು 101 ಕಿಲೋ ಕಳೆದುಕೊಳ್ಳುತ್ತವೆ. ಎರಡರಲ್ಲೂ ಟೈರಿಗೆ ದಕ್ಕುವುದು ಅದೇ 336. ಹಿಂಭಾಗ ಎದ್ದಾಗ ಗುರುತ್ವ ಕೇಂದ್ರ 25 ಮಿ.ಮೀ. ಏರಿತೆಂದೇ ಇಟ್ಟುಕೊಂಡರೂ ಸಿಗುವ ಲಾಭ 15 ಕಿಲೋದಷ್ಟು ಮಾತ್ರ.

ಇದ್ದರೂ ರೇಸಿನವರು ಶೇಕಡಾ 100ನ್ನು ದಾಟುವುದಕ್ಕೆ ಕಾರಣವಿದೆ. ತೂಕದ ಯಂತ್ರದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ದಿಢೀರನೆ ಎದ್ದು ನಿಂತರೆ ಮುಳ್ಳು ಮೊದಲು ನಮ್ಮ ತೂಕಕ್ಕಿಂತ ಮೇಲೆ ಹೋಗಿ, ನಾವು ಪೂರ್ತಿ ನೇರವಾಗುವ ಹೊತ್ತಿಗೆ ತೂಕಕ್ಕಿಂತ ಕೆಳಗಿಳಿದು, ಅನಂತರ ಸರಿಯಾದ ಜಾಗಕ್ಕೆ ಬರುತ್ತದೆ. ಕಾರಿನ ಹಿಂಭಾಗ ಮೇಲಕ್ಕೆ ಚಿಮ್ಮುವಾಗಲೂ ಹೀಗೆಯೇ ಆಗುತ್ತದೆ. ಕಾರಿನ ದೇಹ ಮೇಲಕ್ಕೆ ವೇಗ ಪಡೆಯುತ್ತಿರುವಷ್ಟು ಹೊತ್ತು ಟೈರು ಹೆಚ್ಚುವರಿಯಾಗಿ ನೆಲಕ್ಕೆ ಒತ್ತಲ್ಪಡುತ್ತದೆ. ನಿಂತಿರುವ ಕಾರನ್ನು ಕದಲಿಸಬೇಕಾದ ಮೊದಲ ಕ್ಷಣಕ್ಕೆ ಇದು ಅತ್ಯಂತ ಉಪಯುಕ್ತ. ಆದರೆ ಮೇಲೇರಿದ ದೇಹ ನಿಲ್ಲಲೇಬೇಕು. ಶಾಕ್‌ಗಳು ಪೂರ್ತಿ ಉದ್ದಕ್ಕೆ ಚಾಚಿ ತಟ್ಟನೆ ನಿಂತರೆ, ಆ ಕ್ಷಣದಲ್ಲಿ ಟೈರಿನ ಮೇಲಿನ ಭಾರ ಇರಬೇಕಾದುದಕ್ಕಿಂತಲೂ ಕಡಿಮೆಯಾಗಿ ಟೈರು ಜಾರುತ್ತದೆ. ಹೊರಡುವಾಗ ಚೆನ್ನಾಗಿ ಕಚ್ಚಿ, ಒಂದೆರಡು ಕಾರಿನುದ್ದ ಹೋದ ಮೇಲೆ ಟೈರು ಸುತ್ತತೊಡಗುವ ಕಾರುಗಳಲ್ಲಿ ಮೊದಲು ಸಂಶಯಪಡಬೇಕಾದದ್ದು ಇದನ್ನೇ.

ನನ್ನ ಅಭಿಪ್ರಾಯದಲ್ಲಿ ಹೊಸಬರು ಇನ್‌ಸ್ಟಂಟ್ ಸೆಂಟರನ್ನು ಎತ್ತರಿಸುವುದರಲ್ಲಿ ತೋರುವ ಉತ್ಸಾಹದ ಅರ್ಧದಷ್ಟನ್ನಾದರೂ ಆ ಏರಿಕೆಯನ್ನು ಹದಗೊಳಿಸುವುದರಲ್ಲಿ ತೋರಬೇಕು. ಶೇಕಡಾ 100ರ ಆಸುಪಾಸಿನಲ್ಲಿ ಆರಂಭಿಸಿ, ಟೈರು ಕೇಳಿದರೆ ಮಾತ್ರ ಏರಿಸುತ್ತ ಹೋಗುವುದು ಸುರಕ್ಷಿತ ಕ್ರಮ.

ಇನ್‌ಸ್ಟಂಟ್ ಸೆಂಟರಿನ ಎತ್ತರ ಮುಖ್ಯವೋ, ಆಕ್ಸಲಿನಿಂದ ಅದರ ದೂರ ಮುಖ್ಯವೋ?

ಎರಡೂ ಮುಖ್ಯ. ಒಂದೇ ಶೇಕಡಾವಾರನ್ನು ಆಕ್ಸಲಿಗೆ ಹತ್ತಿರದ ತಗ್ಗಿನ ಬಿಂದುವಿನಿಂದಲೂ ದೂರದ ಎತ್ತರದ ಬಿಂದುವಿನಿಂದಲೂ ಪಡೆಯಬಹುದು. ಬಿಂದು ಹತ್ತಿರವಿದ್ದಾಗ ಕಾರು ಸ್ವಲ್ಪ ಎದ್ದರೂ ಕುಸಿದರೂ ಆಕ್ಸಲ್ ಹೆಚ್ಚು ತಿರುಗುತ್ತದೆ, ಶೇಕಡಾವಾರು ಬೇಗ ಬದಲಾಗುತ್ತದೆ, ಟೈರಿಗೆ ಬೀಳುವ ಏಟೂ ತೀಕ್ಷ್ಣವಾಗಿರುತ್ತದೆ. ದೂರವಿದ್ದಾಗ ವರ್ತನೆ ಸಮಾಧಾನದಿಂದಿರುತ್ತದೆ. ಟೈರಿನ ಬಗೆಯೂ ಇಲ್ಲಿ ಸೇರಿಕೊಳ್ಳುತ್ತದೆ. ಬಯಾಸ್-ಪ್ಲೈ ಸ್ಲಿಕ್ ಟೈರಿನ ಪಕ್ಕದ ಗೋಡೆ ಸುಕ್ಕುಗಟ್ಟಿ ಏಟನ್ನು ನುಂಗಿಕೊಳ್ಳುತ್ತದೆ, ಸ್ವಲ್ಪ ಜಾರಿದರೂ ಮತ್ತೆ ಹಿಡಿತಕ್ಕೆ ಬರುತ್ತದೆ. ರೇಡಿಯಲ್ ಡ್ರ್ಯಾಗ್ ಟೈರು ಅಷ್ಟು ಕ್ಷಮಿಸುವುದಿಲ್ಲ. ಒಮ್ಮೆ ಜಾರಿದರೆ ಸಾಮಾನ್ಯವಾಗಿ ಚಾಲಕ ಥ್ರಾಟಲ್ ಬಿಡುವವರೆಗೂ ಜಾರುತ್ತಲೇ ಇರುತ್ತದೆ.

ಲೀಫ್ ಸ್ಪ್ರಿಂಗ್, ಲ್ಯಾಡರ್ ಬಾರ್, ಫೋರ್-ಲಿಂಕ್: ಇವುಗಳ ನಡುವಿನ ವ್ಯತ್ಯಾಸವೇನು?

ಲೀಫ್ ಸ್ಪ್ರಿಂಗು ಭಾರ ಹೊರುವುದರ ಜೊತೆಗೆ ಆಕ್ಸಲನ್ನು ಹಿಡಿದಿಡುವ ಲಿಂಕಿನ ಕೆಲಸವನ್ನೂ ಮಾಡುತ್ತದೆ. ದೊಡ್ಡ ಟಾರ್ಕ್ ಬಂದಾಗ ಪಿನಿಯನ್ ಮೇಲೆದ್ದು, ಸ್ಪ್ರಿಂಗಿನ ಮುಂದಿನ ಅರ್ಧ ಮೇಲಕ್ಕೂ ಹಿಂದಿನ ಅರ್ಧ ಕೆಳಕ್ಕೂ ಬಾಗುತ್ತದೆ. ಟೈರು ಜಾರಿದೊಡನೆ ಸ್ಪ್ರಿಂಗು ಬಿಚ್ಚಿಕೊಳ್ಳುತ್ತದೆ, ಟೈರು ಮತ್ತೆ ಹಿಡಿದೊಡನೆ ಸುತ್ತಿಕೊಳ್ಳುತ್ತದೆ. ಕಾರಿನ ಹಿಂಭಾಗ ಕುಪ್ಪಳಿಸುವ ವೀಲ್ ಹಾಪ್ ಇದೇ. ಕ್ರೈಸ್ಲರ್ ಇದಕ್ಕೆ ಕಂಡುಕೊಂಡ ಉಪಾಯ ನನಗೆ ಇಂದಿಗೂ ಬಹಳ ಮೆಚ್ಚುಗೆಯದು. ಅವರ ಸೂಪರ್ ಸ್ಟಾಕ್ ಸ್ಪ್ರಿಂಗುಗಳಲ್ಲಿ ಆಕ್ಸಲಿನ ಮುಂದಿನ ಭಾಗ ಗಿಡ್ಡವಾಗಿ ಬಿಗಿಯಾಗಿರುತ್ತಿತ್ತು. ಅದು ಸ್ಪ್ರಿಂಗಿಗಿಂತ ಹೆಚ್ಚಾಗಿ ಲಿಂಕಿನಂತೆ ವರ್ತಿಸುತ್ತಿತ್ತು. ಬಲಗಡೆಯ ಸ್ಪ್ರಿಂಗನ್ನು ಎಡಗಡೆಯದಕ್ಕಿಂತ ಬಿಗಿಯಾಗಿ ಕಟ್ಟಲಾಗುತ್ತಿತ್ತು. ಪಿನಿಯನ್ ಮೇಲೆ ಒಂದು ರಬ್ಬರ್ ಸ್ನಬ್ಬರ್ ಇಟ್ಟು, ಏಳುವ ಪಿನಿಯನ್ ಕಾರಿನ ತಳವನ್ನು ಮೇಲಕ್ಕೆ ಒತ್ತಿ ಅದರ ಪ್ರತಿಕ್ರಿಯೆಯಿಂದ ಟೈರು ಕೆಳಕ್ಕೆ ಒತ್ತಲ್ಪಡುವಂತೆ ಮಾಡಲಾಗುತ್ತಿತ್ತು. ಇಂದು ಲೀಫ್ ಸ್ಪ್ರಿಂಗಿನ ಕಾರುಗಳಿಗೆ ಬಹಳವಾಗಿ ಬಳಸುವ ಕ್ಯಾಲ್‌ಟ್ರ್ಯಾಕ್ಸ್ ಬಾರುಗಳು ಆಕ್ಸಲ್ ತಿರುಗುವ ಬಲವನ್ನೇ ಬಳಸಿಕೊಂಡು ಸ್ಪ್ರಿಂಗಿನ ಮುಂದಿನ ಅರ್ಧವನ್ನು ಕೆಳಕ್ಕೆ ಒತ್ತಿ ಹಿಡಿಯುತ್ತವೆ.

ಲ್ಯಾಡರ್ ಬಾರ್ ಎಂದರೆ ಆಕ್ಸಲಿಗೆ ಬಿಗಿಯಾಗಿ ಜೋಡಿಸಿ, ಮುಂದೆ ಒಂದೇ ಪಿವಟ್‌ಗೆ ಸೇರಿಸಿದ ತ್ರಿಕೋನಾಕಾರದ ಬಾರು. ಅದರ ಇನ್‌ಸ್ಟಂಟ್ ಸೆಂಟರ್ ಆ ಮುಂದಿನ ಪಿವಟ್‌ನಲ್ಲೇ ಇರುತ್ತದೆ. ಬದಲಿಸಲು ಹೆಚ್ಚೇನೂ ಇಲ್ಲದಿರುವುದರಿಂದ ಹೊಂದಿಸುವುದು ಸುಲಭ, ತಪ್ಪು ಮಾಡುವುದು ಕಷ್ಟ. ಆದರೆ ಕಾರು ಪಕ್ಕಕ್ಕೆ ವಾಲಿದಾಗ ಎರಡೂ ಬಾರುಗಳು ಆಕ್ಸಲನ್ನು ತಿರುಚುವುದರಿಂದ ರಸ್ತೆಯ ಬಳಕೆಗೆ ಇದು ಹೊಂದುವುದಿಲ್ಲ.

ಫೋರ್-ಲಿಂಕ್‌ನಲ್ಲಿ ಪ್ರತಿ ಬದಿಗೂ ಎರಡು ಲಿಂಕುಗಳು, ಬ್ರ್ಯಾಕೆಟುಗಳಲ್ಲಿ ಹಲವು ತೂತುಗಳು. ಬೋಲ್ಟನ್ನು ಒಂದು ತೂತಿನಿಂದ ಇನ್ನೊಂದಕ್ಕೆ ಬದಲಿಸಿದರೆ ಇನ್‌ಸ್ಟಂಟ್ ಸೆಂಟರ್ ಬಹಳಷ್ಟು ಸರಿಯುತ್ತದೆ. ಪ್ರೊ ಸ್ಟಾಕ್ ವರ್ಗದ ಕಾರುಗಳು ಇದನ್ನು ಬಳಸುವುದು ಈ ಸ್ವಾತಂತ್ರ್ಯಕ್ಕಾಗಿ. ಕಾಗದದ ಮೇಲೆ ಲೆಕ್ಕ ಹಾಕದೆ ತೂತು ಬದಲಿಸುವವರಿಗೆ ಇದೇ ಸ್ವಾತಂತ್ರ್ಯ ತೊಡಕಾಗುತ್ತದೆ.

ಕಾರ್ಖಾನೆಯಿಂದ ಬಂದ ಲಿಂಕುಗಳನ್ನೇ ಇಟ್ಟುಕೊಂಡು ಸುಧಾರಿಸಬಹುದೇ?

ಬಹುದು, ಮತ್ತು ಅನೇಕ ಕಾರುಗಳಿಗೆ ಅಷ್ಟೇ ಸಾಕು. 1964ರಿಂದ 1972ರವರೆಗಿನ ಶೆವ್ರೊಲೆ ಶೆವೆಲ್ ಮತ್ತು 1979ರಿಂದ 1993ರವರೆಗಿನ ಫಾಕ್ಸ್ ಬಾಡಿ ಫೋರ್ಡ್ ಮಸ್ಟಾಂಗ್ ಕಾರುಗಳಲ್ಲಿ ಮೇಲಿನ ಲಿಂಕುಗಳನ್ನು ಓರೆಯಾಗಿ ಜೋಡಿಸಿ, ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಅವುಗಳಿಂದಲೇ ತಡೆಯಲಾಗಿದೆ. ಶೆವೆಲ್‌ನಂಥ ಕಾರುಗಳಲ್ಲಿ ಮೇಲಿನ ಲಿಂಕಿನ ಆಕ್ಸಲ್ ತುದಿಯನ್ನು ಎತ್ತರಿಸುವ 'ನೋ-ಹಾಪ್' ಬ್ರ್ಯಾಕೆಟ್ ಹಾಕಿದರೆ ಇನ್‌ಸ್ಟಂಟ್ ಸೆಂಟರ್ ಹಿಂದಕ್ಕೆ ಬಂದು ಆಂಟಿ-ಸ್ಕ್ವಾಟ್ ಹೆಚ್ಚುತ್ತದೆ. 1982ರಿಂದ 2002ರವರೆಗಿನ ಕಮಾರೊದಲ್ಲಿ ಮೇಲಿನ ಲಿಂಕುಗಳ ಬದಲಿಗೆ ಡಿಫರೆನ್ಷಿಯಲ್‌ನಿಂದ ಮುಂದಕ್ಕೆ ಚಾಚಿದ ಉದ್ದನೆಯ ಟಾರ್ಕ್ ಆರ್ಮ್ ಇದೆ. ಅಲ್ಲಿ ಕೆಳಗಿನ ಲಿಂಕಿನ ಹಿಂದಿನ ತುದಿಯನ್ನು ತಗ್ಗಿಸುವ ಬ್ರ್ಯಾಕೆಟ್ ಹಾಕುವುದು ರೂಢಿ. ಯಾವ ಕಾರೇ ಆಗಲಿ, ಸವೆದ ರಬ್ಬರ್ ಬುಷ್‌ಗಳನ್ನು ಮೊದಲು ಬದಲಿಸಬೇಕು. ಬುಷ್ ಜಗ್ಗಿದರೆ ಲೆಕ್ಕ ಹಾಕಿದ ಕೋನ ಓಡುವಾಗ ಉಳಿಯುವುದಿಲ್ಲ.

ಹೊರಡುವಾಗ ಬಲಗಡೆಯ ಹಿಂದಿನ ಟೈರೇ ಏಕೆ ಹೆಚ್ಚು ಜಾರುತ್ತದೆ? ಕಾರು ಏಕೆ ಒಂದು ಬದಿಗೆ ಎಳೆಯುತ್ತದೆ?

ಪ್ರೊಪೆಲ್ಲರ್ ಶಾಫ್ಟ್ ತಿರುಗುವ ದಿಕ್ಕಿನಲ್ಲೇ ಆಕ್ಸಲನ್ನೂ ತಿರುಚುವುದರಿಂದ. ಸಾಮಾನ್ಯ ಅಮೆರಿಕನ್ ವಿ8 ಕಾರುಗಳಲ್ಲಿ ಈ ಶಾಫ್ಟ್ ಹಿಂದಿನಿಂದ ನೋಡಿದಾಗ ಅಪ್ರದಕ್ಷಿಣವಾಗಿ ತಿರುಗುತ್ತದೆ. ಎಡ ಚಕ್ರವನ್ನು ನೆಲಕ್ಕೆ ಒತ್ತಿ ಬಲ ಚಕ್ರವನ್ನು ಎತ್ತಲು ನೋಡುತ್ತದೆ. ಎಂಜಿನ್ನಿನ ಟಾರ್ಕ್ 600 ನ್ಯೂಟನ್ ಮೀಟರ್, ಮೊದಲ ಗೇರಿನ ಅನುಪಾತ 2.5, ಎರಡು ಹಿಂದಿನ ಟೈರುಗಳ ನಡುವಿನ ಅಗಲ 1.5 ಮೀಟರ್ ಎಂದುಕೊಂಡರೆ, ಬಲ ಟೈರು ಸುಮಾರು 100 ಕಿಲೋ ಭಾರ ಕಳೆದುಕೊಂಡು ಎಡ ಟೈರು ಅಷ್ಟನ್ನೇ ಪಡೆಯುತ್ತದೆ.

ಅದೇ ಹೊತ್ತಿಗೆ ಎಂಜಿನ್ನು ಕಾರಿನ ದೇಹವನ್ನು ಅಷ್ಟೇ ಬಲದಿಂದ ವಿರುದ್ಧ ದಿಕ್ಕಿಗೆ ತಿರುಚುತ್ತಿರುತ್ತದೆ. ಎಡ ಮುಂಭಾಗ ಎದ್ದು ಬಲ ಹಿಂಭಾಗ ತಗ್ಗುವುದು ಅದರಿಂದಲೇ. ದೇಹದ ಈ ತಿರುಚುವಿಕೆ ಪೂರ್ತಿಯಾಗಿ ಹಿಂದಿನ ಆಕ್ಸಲಿಗೆ ಮರಳಿದರೆ ಎರಡೂ ಒಂದನ್ನೊಂದು ರದ್ದುಮಾಡಿ ಎರಡು ಟೈರುಗಳಿಗೂ ಸಮಭಾರ ಸಿಗುತ್ತದೆ. ಒಂದು ಪಾಲು ಮುಂದಿನ ಸ್ಪ್ರಿಂಗುಗಳ ಮೂಲಕ ನೆಲ ಸೇರುವುದರಿಂದ ಲೆಕ್ಕ ತಪ್ಪುತ್ತದೆ. ಹಾಗಾಗಿ ಡ್ರ್ಯಾಗ್ ಕಾರಿನ ಮುಂದಿನ ಆಂಟಿ-ರೋಲ್ ಬಾರನ್ನು (ಕಾರು ಪಕ್ಕಕ್ಕೆ ವಾಲದಂತೆ ಎಡಬಲದ ಸಸ್ಪೆನ್ಷನ್ನನ್ನು ಜೋಡಿಸುವ ಬಾರು) ತೆಗೆದು, ಹಿಂದೆ ಬಹಳ ಬಿಗಿಯಾದ ಆಂಟಿ-ರೋಲ್ ಬಾರನ್ನು ಹಾಕುತ್ತಾರೆ. ಬಲಗಡೆಯ ಸ್ಪ್ರಿಂಗಿನೊಳಗೆ ಏರ್ ಬ್ಯಾಗ್ ಇಟ್ಟು ಗಾಳಿ ತುಂಬುವುದು, ಬಲಗಡೆಯ ಮೇಲಿನ ಲಿಂಕಿನ ಉದ್ದವನ್ನು ಬದಲಿಸಿ ಪ್ರೀಲೋಡ್ (ಮೊದಲೇ ಹೇರಿಟ್ಟ ಒತ್ತಡ) ಕೊಡುವುದು ಹಳೆಯ ಕ್ರಮಗಳು. ಅವು ಕೆಲಸ ಮಾಡುತ್ತವೆ, ಆದರೆ ಟಾರ್ಕ್ ಬದಲಾದರೂ ಪ್ರೀಲೋಡ್ ಬದಲಾಗುವುದಿಲ್ಲ. ಎರಡನೇ ಗೇರಿಗೆ ಹೋದಾಗ ಟಾರ್ಕ್ ಇಳಿಯುತ್ತದೆ, ಪ್ರೀಲೋಡ್ ಹಾಗೆಯೇ ಉಳಿದು ಕಾರನ್ನು ಎಳೆಯತೊಡಗುತ್ತದೆ. ಆಂಟಿ-ರೋಲ್ ಬಾರು ಟಾರ್ಕಿಗೆ ತಕ್ಕಷ್ಟೇ ಪ್ರತಿಕ್ರಿಯಿಸುವುದರಿಂದ ನಾನು ಅದನ್ನೇ ಮೊದಲು ಶಿಫಾರಸು ಮಾಡುತ್ತೇನೆ.

ಪಿನಿಯನ್ ಕೋನ ಬದಲಿಸಿದರೆ ಹಿಡಿತ ಹೆಚ್ಚುತ್ತದೆಯೇ?

ನೇರವಾಗಿ ಇಲ್ಲ. ಭಾರ ಬಿದ್ದಾಗ ಪಿನಿಯನ್ ಮೇಲೇಳುವುದರಿಂದ, ಎದ್ದ ಮೇಲೆ ಅದು ಪ್ರೊಪೆಲ್ಲರ್ ಶಾಫ್ಟಿನ ನೇರಕ್ಕೆ ಬರಲಿ ಎಂದು ಮೊದಲೇ ಸ್ವಲ್ಪ ತಗ್ಗಿಸಿ ಇಡುತ್ತಾರೆ. ಹೆಚ್ಚು ಸುತ್ತಿಕೊಳ್ಳುವ ಲೀಫ್ ಸ್ಪ್ರಿಂಗಿಗೆ ಹೆಚ್ಚು, ಗಟ್ಟಿ ಜಾಯಿಂಟಿನ ಫೋರ್-ಲಿಂಕಿಗೆ ಒಂದೆರಡು ಡಿಗ್ರಿ ಸಾಕು. ಇದು ಯೂನಿವರ್ಸಲ್ ಜಾಯಿಂಟುಗಳ ಆಯುಷ್ಯ ಮತ್ತು ಕಂಪನಕ್ಕೆ ಸಂಬಂಧಿಸಿದ ವಿಷಯ.

ಶಾಕ್ ಅಬ್ಸಾರ್ಬರುಗಳಿಗೆ ಇದರಲ್ಲಿ ಎಷ್ಟು ಪಾತ್ರ?

ಬಹಳ ದೊಡ್ಡ ಪಾತ್ರ. ಜ್ಯಾಮಿತಿ ಬಲವನ್ನು ಕೊಡುತ್ತದೆ, ಆ ಬಲದ ವೇಗವನ್ನು ಶಾಕ್‌ಗಳು ನಿಯಂತ್ರಿಸುತ್ತವೆ. ಶೇಕಡಾ 100ಕ್ಕಿಂತ ಹೆಚ್ಚು ಆಂಟಿ-ಸ್ಕ್ವಾಟ್ ಇರುವ ಕಾರಿನಲ್ಲಿ ಹಿಂದಿನ ಶಾಕ್‌ನ ಚಾಚುವಿಕೆ ತೀರಾ ಸಡಿಲವಾಗಿದ್ದರೆ ದೇಹ ಚಿಮ್ಮಿ ತುದಿ ಮುಟ್ಟುತ್ತದೆ. ತೀರಾ ಬಿಗಿಯಾಗಿದ್ದರೆ ಟೈರಿಗೆ ಮೊದಲ ಏಟಿನ ಲಾಭವೇ ಸಿಗುವುದಿಲ್ಲ. ಎದ್ದ ದೇಹ ಮತ್ತೆ ಕೆಳಗೆ ಬರುವಾಗ ಅದನ್ನು ಮೆಲ್ಲನೆ ಇಳಿಸುವುದು ಒತ್ತುವಿಕೆಯ ಹೊಂದಾಣಿಕೆಯ ಕೆಲಸ. ಎರಡನ್ನೂ ಬೇರೆಬೇರೆಯಾಗಿ ಹೊಂದಿಸಬಹುದಾದ ಶಾಕ್‌ಗಳು ದುಬಾರಿ, ಆದರೆ ಫೋರ್-ಲಿಂಕಿಗೆ ಹಣ ಹಾಕಿದವರು ಇಲ್ಲಿ ಉಳಿತಾಯ ಮಾಡಬಾರದು. ಮುಂದಿನ ಶಾಕ್‌ಗಳನ್ನೂ ಮರೆಯುವಂತಿಲ್ಲ: ಮುಂಭಾಗ ಸುಲಭವಾಗಿ ಎದ್ದರೆ ಗುರುತ್ವ ಕೇಂದ್ರ ಏರುತ್ತದೆ, ಆದರೆ ಮುಂದಿನ ಸಸ್ಪೆನ್ಷನ್ ತುದಿ ಮುಟ್ಟಿ ಚಕ್ರಗಳನ್ನು ಹಟಾತ್ತನೆ ಎತ್ತಿಕೊಂಡರೆ ಹಿಂದಿನ ಟೈರಿಗೂ ಆ ಕುಲುಕಾಟ ತಲುಪುತ್ತದೆ.

ಸ್ವತಂತ್ರ ಹಿಂಬದಿ ಸಸ್ಪೆನ್ಷನ್ ಇರುವ ಕಾರುಗಳ ಕಥೆಯೇನು?

ಅಲ್ಲಿ ಡಿಫರೆನ್ಷಿಯಲ್ ಚಾಸಿಗೆ ಜೋಡಿಸಲ್ಪಟ್ಟಿರುವುದರಿಂದ ಟಾರ್ಕಿನ ಪ್ರತಿಕ್ರಿಯೆ ಲಿಂಕುಗಳಿಗೆ ಬರುವುದಿಲ್ಲ. ಆಂಟಿ-ಸ್ಕ್ವಾಟ್ ಗೆರೆಯನ್ನು ಟೈರು ನೆಲ ಮುಟ್ಟುವ ಜಾಗದ ಬದಲು ಚಕ್ರದ ನಡುವಿನಿಂದ ಅಳೆಯಬೇಕಾಗುತ್ತದೆ. ಶೇಕಡಾ 100 ತಲುಪಲು ಇನ್‌ಸ್ಟಂಟ್ ಸೆಂಟರ್ ಅಷ್ಟರಮಟ್ಟಿಗೆ ಎತ್ತರಕ್ಕೆ ಹೋಗಬೇಕು, ಅದು ಸುಲಭವಲ್ಲ. ಕುಸಿದಾಗ ಚಕ್ರ ಓರೆಯಾಗಿ ಟೈರಿನ ಒಂದು ಅಂಚು ಮಾತ್ರ ನೆಲ ಹಿಡಿಯುವುದೂ ಉಂಟು. ಮತ್ತೊಂದೆಡೆ, ಶಾಫ್ಟಿನ ತಿರುಚುವಿಕೆ ಬಲ ಟೈರನ್ನು ಎತ್ತುವ ಮೇಲಿನ ಸಮಸ್ಯೆ ಇಲ್ಲಿಲ್ಲ. ರಸ್ತೆಯ ಕಮಾರೊ 2010ರಲ್ಲಿ, ಮಸ್ಟಾಂಗ್ 2015ರಲ್ಲಿ ಸ್ವತಂತ್ರ ಸಸ್ಪೆನ್ಷನ್ನಿಗೆ ಬದಲಾದ ಮೇಲೂ, ಆ ಸಂಸ್ಥೆಗಳೇ ಡ್ರ್ಯಾಗ್ ರೇಸಿಗೆಂದು ಮಾಡಿದ ಕೋಪೋ ಕಮಾರೊ ಮತ್ತು ಕೋಬ್ರಾ ಜೆಟ್ ಮಸ್ಟಾಂಗ್ ಕಾರುಗಳಿಗೆ ಗಟ್ಟಿ ಆಕ್ಸಲನ್ನೇ ಹಾಕಿದವು. 2018ರ ಡಾಡ್ಜ್ ಚಾಲೆಂಜರ್ ಡೀಮನ್ ಮಾತ್ರ 840 ಅಶ್ವಶಕ್ತಿಯೊಡನೆ ಸ್ವತಂತ್ರ ಸಸ್ಪೆನ್ಷನ್ ಉಳಿಸಿಕೊಂಡು, ಮೆದು ಸ್ಪ್ರಿಂಗು ಮತ್ತು ನಿಯಂತ್ರಿತ ಶಾಕ್‌ಗಳ ಬಲದಿಂದ 1.8 ಜಿ ವೇಗೋತ್ಕರ್ಷ ಸಾಧಿಸುತ್ತದೆಂದು ಕಂಪನಿ ಹೇಳಿಕೊಂಡಿತು.

ಟಾಪ್ ಫ್ಯುಯೆಲ್ ಡ್ರ್ಯಾಗ್‌ಸ್ಟರುಗಳಿಗೆ ಹಿಂದೆ ಸಸ್ಪೆನ್ಷನ್ನೇ ಇಲ್ಲವಲ್ಲ?

ನಿಜ. 300 ಇಂಚು, ಅಂದರೆ 7.62 ಮೀಟರ್, ವೀಲ್‌ಬೇಸಿನ ಆ ಕಾರುಗಳಲ್ಲಿ ಆಕ್ಸಲ್ ನೇರವಾಗಿ ಚೌಕಟ್ಟಿಗೆ ಜೋಡಿಸಲ್ಪಟ್ಟಿರುತ್ತದೆ. ಉದ್ದನೆಯ ಕೊಳವೆ ಚೌಕಟ್ಟು ಬಾಗುವುದೂ, ಕಡಿಮೆ ಗಾಳಿಯ ದೊಡ್ಡ ಟೈರು ಸುಕ್ಕುಗಟ್ಟುವುದೂ ಸಸ್ಪೆನ್ಷನ್ನಿನ ಸ್ಥಾನ ತುಂಬುತ್ತವೆ. ವೇಗ ಹೆಚ್ಚಿದಂತೆ ಹಿಂದಿನ ರೆಕ್ಕೆಯ ಗಾಳಿಯ ಒತ್ತಡ ಟೈರನ್ನು ನೆಲಕ್ಕೆ ಒತ್ತುತ್ತದೆ. ಅವರ ಕ್ರಮದಿಂದ ಸಾಮಾನ್ಯ ಕಾರಿಗೆ ಕಲಿಯುವಂಥದ್ದು ಕಡಿಮೆ.

ವೀಲಿ ಬಾರ್ ಹಾಕಿದರೆ ಒಳ್ಳೆಯದೇ?

ಮುಂದಿನ ಚಕ್ರಗಳು ವಿಪರೀತ ಏಳದಂತೆ ಕಾರಿನ ಹಿಂದೆ ಚಾಚಿ ಜೋಡಿಸುವ ಈ ಬಾರು ಸುರಕ್ಷತೆಗೆ ಒಳ್ಳೆಯದು. ಆದರೆ ವೀಲಿ ಬಾರಿನ ಪುಟ್ಟ ಚಕ್ರಗಳು ನೆಲಕ್ಕೆ ಒತ್ತುವ ಪ್ರತಿ ಕಿಲೋ ಭಾರವೂ ಹಿಂದಿನ ಟೈರಿನಿಂದ ಕಿತ್ತುಕೊಂಡದ್ದೇ. ಆದ್ದರಿಂದ ಅವು ಮುಟ್ಟೀ ಮುಟ್ಟದಷ್ಟು ಎತ್ತರದಲ್ಲಿರಲಿ.

ಭಾರತದ ವಿಮಾನ ಪಟ್ಟಿಗಳ ಮೇಲೆ ನಡೆಯುವ ಡ್ರ್ಯಾಗ್ ಓಟಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆಯೇ?

ಭೌತಶಾಸ್ತ್ರ ಅದೇ, ಸಂಖ್ಯೆಗಳು ಬೇರೆ. ಅಮೆರಿಕದ ಟ್ರ್ಯಾಕಿನಲ್ಲಿ ಹೊರಡುವ ಜಾಗಕ್ಕೆ ಅಂಟು ದ್ರಾವಣ ಸಿಂಪಡಿಸಿ ರಬ್ಬರಿನ ಪದರ ಕಟ್ಟಿರುತ್ತಾರೆ. ಮೊದಲ ಉದಾಹರಣೆಯ ಕಾರು 1.2 ಜಿ ಪಡೆಯಲು 980 ಕಿಲೋ ಭಾರದ ಮೇಲೆ 1680 ಕಿಲೋದಷ್ಟು ತಳ್ಳಬೇಕು, ಅಂದರೆ 1.7ರಷ್ಟು ಘರ್ಷಣಾಂಕ ಬೇಕು. ಸಾದಾ ಡಾಂಬರಿನ ಮೇಲೆ ರಸ್ತೆಯ ಟೈರು ಅದರ ಹತ್ತಿರಕ್ಕೂ ಬರದು. ಹಿಡಿತ ಕಡಿಮೆಯಾದರೆ ವೇಗೋತ್ಕರ್ಷ ಕಡಿಮೆ, ಆದ್ದರಿಂದ ವರ್ಗವಾಗುವ ಭಾರವೂ ಕಡಿಮೆ. ಅಲ್ಲಿ ತೀಕ್ಷ್ಣ ಏಟಿನ ಜ್ಯಾಮಿತಿಗಿಂತ ಸಮಾಧಾನದ ಜ್ಯಾಮಿತಿಯೇ ವಾಸಿ. ಮುಂದಿನ ಚಕ್ರಗಳಿಂದ ಓಡುವ ಕಾರುಗಳಿಗಂತೂ ಭಾರ ಹಿಂದಕ್ಕೆ ಹೋಗುವುದೇ ನಷ್ಟ; ಅವುಗಳ ಹಿಂಭಾಗ ಕುಸಿಯದಂತೆ ಬಿಗಿಯಾಗಿಡುವುದು ವಾಡಿಕೆ.

ಈ ಲಿಂಕುಗಳನ್ನು ಕಣ್ಣಾರೆ ನೋಡಬೇಕೆನ್ನುವವರು ಮೊದಲ ತಲೆಮಾರಿನ ಟೊಯೊಟಾ ಇನೋವಾದ ಹಿಂಭಾಗದ ಕೆಳಗೆ ಬಗ್ಗಿ ನೋಡಬಹುದು: ಗಟ್ಟಿ ಆಕ್ಸಲ್, ನಾಲ್ಕು ಲಿಂಕುಗಳು, ಪಕ್ಕಕ್ಕೆ ಸರಿಯದಂತೆ ತಡೆಯುವ ಒಂದು ಅಡ್ಡ ಬಾರು ಎಲ್ಲವೂ ಅಲ್ಲಿವೆ. ಲೀಫ್ ಸ್ಪ್ರಿಂಗಿಗೆ ಬೊಲೆರೊ ಅಥವಾ ಹಳೆಯ ಅಂಬಾಸಿಡರ್ ನೋಡಿದರಾಯಿತು.

ಹೊಂದಾಣಿಕೆಯನ್ನು ಯಾವ ಕ್ರಮದಲ್ಲಿ ಮಾಡಬೇಕು?

ಮೊದಲು ನಾಲ್ಕು ಚಕ್ರಗಳ ಭಾರವನ್ನು ತಕ್ಕಡಿಗಳ ಮೇಲೆ ತೂಗಿ, ಲಿಂಕುಗಳ ತುದಿಗಳನ್ನು ನೆಲದಿಂದ ಅಳೆದು ಬರೆದಿಡಿ. ಆಕ್ಸಲ್ ಚಾಸಿಗೆ ನೇರವಾಗಿದೆಯೇ ನೋಡಿ. ಅನಂತರ ಟೈರಿನ ಗಾಳಿ, ಆಮೇಲೆ ಶಾಕ್, ಕೊನೆಗೆ ಲಿಂಕಿನ ತೂತುಗಳು. ಒಂದು ಓಟಕ್ಕೆ ಒಂದೇ ಬದಲಾವಣೆ. ಪ್ರತಿ ಓಟದಲ್ಲೂ ಬದಿಯಿಂದ ಹಿಂದಿನ ಚಕ್ರದ ವಿಡಿಯೋ ತೆಗೆದು ನಿಧಾನಗತಿಯಲ್ಲಿ ನೋಡಿ: ಟೈರಿಗೂ ಅದರ ಮೇಲಿನ ಬಾಡಿಯ ಅಂಚಿಗೂ ನಡುವಿನ ಅಂತರ ಹೇಗೆ ಬದಲಾಗುತ್ತದೆ ಎಂಬುದರಲ್ಲಿ ಮೇಲೆ ಹೇಳಿದ ಬಹುತೇಕ ಸಂಗತಿಗಳು ಕಾಣುತ್ತವೆ. ನೆಲದ ಮೇಲೆ ಬಿದ್ದ ಎರಡು ಕಪ್ಪು ಗುರುತುಗಳಲ್ಲಿ ಒಂದು ಹೆಚ್ಚು ದಟ್ಟವಾಗಿದ್ದರೆ ಎಡಬಲ ಭಾರ ಸಮನಾಗಿಲ್ಲ.

ಫಲಿತಾಂಶವನ್ನು ಇಡೀ ಓಟದ ಸಮಯದಿಂದ ಅಳೆಯದೆ, ಮೊದಲ 60 ಅಡಿಯ (18.3 ಮೀಟರ್) ಸಮಯದಿಂದ ಅಳೆಯಿರಿ. ಎಂಜಿನ್, ಗಾಳಿ, ಗೇರು ಬದಲಿಸುವ ಕೌಶಲ ಇವೆಲ್ಲ ಅದರ ಆಚೆಗೆ ಹೆಚ್ಚು ಸೇರಿಕೊಳ್ಳುತ್ತವೆ. ಆ 60 ಅಡಿಯೊಳಗೆ ಮುಖ್ಯವಾಗಿ ಕಾಣುವುದು ಟೈರು ಮತ್ತು ಸಸ್ಪೆನ್ಷನ್ನಿನ ಕೆಲಸ.